ಸಕ್ರಿಯ ಸ್ಪೀಕರ್‌ಗಳ ಹಿಸ್ ಶಬ್ದ

ಸಂಗೀತ ನಿಂತ ಮೇಲೂ ಸಕ್ರಿಯ ಸ್ಪೀಕರ್‌ನಿಂದ, ಎಂದರೆ ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇರುವ ಧ್ವನಿವರ್ಧಕದಿಂದ, ಸಣ್ಣಗೆ ಎಡೆಬಿಡದೆ ಕೇಳಿಬರುವ ‘ಸ್‌ಸ್‌ಸ್’ ಎಂಬ ಶಬ್ದವನ್ನು ಹಿಸ್ ಎನ್ನುತ್ತಾರೆ. ವಿದ್ಯುತ್ ಪೂರೈಕೆಯಿಂದ ಬರುವ ‘ಗುಂಯ್’ ಶಬ್ದವು ಇದಕ್ಕಿಂತ ಬೇರೆ; ಅದರ ಪರಿಹಾರವೂ ಬೇರೆ.

ಕಾರಣ

ವಾಹಕದೊಳಗಿನ ಇಲೆಕ್ಟ್ರಾನುಗಳು ಉಷ್ಣದಿಂದಾಗಿ ಸದಾ ಅಡ್ಡಾದಿಡ್ಡಿಯಾಗಿ ಚಲಿಸುವುದೇ ಹಿಸ್‌ನ ಒಂದು ಮುಖ್ಯ ಮೂಲ. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ ಬಿ. ಜಾನ್ಸನ್ ಈ ಉಷ್ಣ ಗದ್ದಲವನ್ನು ಅಳೆದರು. ಹ್ಯಾರಿ ನೈಕ್ವಿಸ್ಟ್ ಅದರ ಸಿದ್ಧಾಂತವನ್ನು ನಿರೂಪಿಸಿದರು. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. ಕೋಣೆಯ ಉಷ್ಣತೆಯಲ್ಲಿ 10 ಕಿಲೋಓಮ್ ರೋಧಕವೊಂದು 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ ಉಂಟುಮಾಡುವ ಗದ್ದಲ ಸುಮಾರು 1.8 ಮೈಕ್ರೋವೋಲ್ಟ್ ಮಾತ್ರ. ಆದರೆ ಆಂಪ್ಲಿಫೈಯರ್ ಇದನ್ನೂ ಸಂಗೀತದೊಡನೆ ಹಿಗ್ಗಿಸುತ್ತದೆ. ಆದ್ದರಿಂದ ಟ್ವೀಟರ್‌ಗೆ ಕಿವಿಯಿಟ್ಟಾಗ ಕೇಳುವ ಅಲ್ಪ ಹಿಸ್ ದೋಷವೆನಿಸದು.

ತಗ್ಗಿಸುವ ಕ್ರಮ

ಮೊದಲು ಮೂಲವನ್ನು ಗುರುತಿಸಬೇಕು. ಸ್ಪೀಕರನ್ನು ಆರಿಸಿ, ಇನ್‌ಪುಟ್ ಕೇಬಲ್ ಕಳಚಿ, ಮತ್ತೆ ಚಾಲನೆ ಮಾಡಿದಾಗಲೂ ಹಿಸ್ ಉಳಿದರೆ ಅದು ಸ್ಪೀಕರಿನದೇ. ಇಲ್ಲವಾದರೆ ಕಂಪ್ಯೂಟರ್ ಅಥವಾ ಮಿಕ್ಸರಿನಿಂದ ಬಂದದ್ದು. ಎರಡೂ ಸಂದರ್ಭಗಳಲ್ಲಿ, ಧ್ವನಿ ಒಡೆಯದಷ್ಟರ ಮಟ್ಟಿಗೆ ಮೂಲ ಸಾಧನದ ವಾಲ್ಯೂಮ್ ಏರಿಸಿ ಸ್ಪೀಕರಿನ ಗೇನ್ ಇಳಿಸಿ ನೋಡಬೇಕು. ಹಿಂಬದಿಯಲ್ಲಿ ‘+4’, ‘−10’ ಎಂಬ ಸ್ವಿಚ್ ಇದ್ದಲ್ಲಿ +4 ಅನ್ನು ಆಯ್ದರೆ ಸೂಕ್ಷ್ಮತೆ ಸುಮಾರು 12 ಡೆಸಿಬಲ್ ಇಳಿಯುತ್ತದೆ. ಸಂತುಲಿತ ಕೇಬಲ್ ತಡೆಯುವುದು ಗುಂಯ್ ಶಬ್ದವನ್ನು, ಸ್ಪೀಕರಿನ ಸ್ವಂತ ಹಿಸ್ಸನ್ನಲ್ಲ; ಇದಕ್ಕಾಗಿ ದುಬಾರಿ ಕೇಬಲ್ ಕೊಳ್ಳುವುದು ಹಣದ ವ್ಯಯವಷ್ಟೇ. ಗೇನ್ ಪೂರ್ಣವಾಗಿ ಇಳಿಸಿದರೂ ಉಳಿಯುವ ಹಿಸ್ ಸಾಮಾನ್ಯವಾಗಿ ಆ ನಿಯಂತ್ರಣದ ನಂತರದ ಹಂತದಲ್ಲಿ ಹುಟ್ಟಿದ್ದು. ಅದಕ್ಕೆ ಬಳಕೆದಾರನ ಕೈಯಲ್ಲಿರುವ ಉಪಾಯವೆಂದರೆ ಸ್ಪೀಕರನ್ನು ದೂರವಿಡುವುದು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದವು 6 ಡೆಸಿಬಲ್ ತಗ್ಗುತ್ತದೆ; ಕೋಣೆಯಲ್ಲಿ ಗೋಡೆಗಳ ಪ್ರತಿಫಲನದಿಂದಾಗಿ ಅಷ್ಟು ತಗ್ಗದು.