ಎರೆಯ ನೆಲವೂ ಹಿಂಗಾರಿಯ ಬೇಸಾಯವೂ

ನದಿಯ ನೀರಿನಿಂದ ಪೈರು ಬೆಳೆವ ದೇಶವು ನದೀಮಾತೃಕವೆಂದೂ ಮಳೆಯ ನೀರಿನಿಂದ ಬೆಳೆವ ದೇಶವು ದೇವಮಾತೃಕವೆಂದೂ ಅಮರಸಿಂಹನು ಭೂಮಿವರ್ಗದಲ್ಲಿ ವಿಂಗಡಿಸಿರುವನು. ಈ ವಿಭಾಗವನ್ನು ಕಂಠಪಾಠಮಾಡಿದವರು ರೋಣ ನರಗುಂದಗಳ ಸೀಮೆಯನ್ನು ಕಂಡರೆ ಸಂದೇಹಕ್ಕೆ ಒಳಗಾಗದಿರರು. ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನ ಹೆಸರಿನಲ್ಲಿ ಹೊಳೆಯೂ ಕೇಳಿಬರುವುದು, ಮಣ್ಣೂ ಕೇಳಿಬರುವುದು. ಆದರೂ ಈ ಸೀಮೆಯ ಪರಂಪರೆಯ ಬೇಸಾಯವು ಹೊಳೆಯನ್ನು ನಂಬಿದುದಲ್ಲ. ಮಳೆಯಿಂದಲೇ ಬೆಳೆಯುವುದೆಂದರೂ ಮಾತು ಪೂರ್ತಿಯಾಗದು. ಏಕೆಂದರೆ ಇಲ್ಲಿಯ ಮುಖ್ಯ ಧಾನ್ಯವಾದ ಹಿಂಗಾರಿ ಜೋಳವು ಮಳೆಗಾಲವು ಹಿಂದೆಗೆದ ಮೇಲೆ ಬೆಳೆದು ತೆನೆಗಟ್ಟತಕ್ಕದ್ದು. ಪೈರಿಗೆ ನೀರೂಡುವ ತಾಯಿಯು ಎರೆಯ ಮಣ್ಣೇ ಆಗಿರುವುದರಿಂದ ಈ ಸೀಮೆಯನ್ನು ಮೃತ್ತಿಕಾಮಾತೃಕವೆನ್ನುವುದು ಯುಕ್ತವಾಗಿದೆ.

ಎರೆಯೆಂಬುದು ಕರಿಯ ಜಿಗಿಮಣ್ಣು. ನೀರುಂಡಾಗ ಉಬ್ಬುವುದು, ಬೇಸಗೆಯಲ್ಲಿ ಕುಗ್ಗಿ ಬಿರುಕುಬಿಡುವುದು. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 600 ಮಿಲಿಮೀಟರು ಮಾತ್ರ. ಅದನ್ನು ಮಣ್ಣಿನಲ್ಲಿ ಕೂಡಿಡುವುದೇ ಹಿಂಗಾರಿ ಬೇಸಾಯದ ಮರ್ಮ. ಒಕ್ಕಲಿಗನು ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ ಇರಿಸಿ, ಮಳೆ ಬಂದು ಹದವಾದಾಗಲೆಲ್ಲ ಕುಂಟೆ ಹೊಡೆಯುವನು. ಕುಂಟೆಯು ಕಳೆಯನ್ನು ಕಿತ್ತು ಮೇಲ್ಮಣ್ಣನ್ನು ಸಡಿಲಿಸುವುದು. ಆ ಪುಡಿಮಣ್ಣೇ ಹೊದಿಕೆಯಾಗಿ ಒಳಗಿನ ಹಸಿಯನ್ನು ಬಿಸಿಲಿಗೆ ಬಿಟ್ಟುಕೊಡದು. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳ ಉತ್ತರೆ ಹಸ್ತಗಳ ಮಳೆಯಲ್ಲಿ ಕೂರಿಗೆಯು ಬೀಜವನ್ನು ಹಸಿಯಿರುವ ಆಳಕ್ಕೆ ಸಾಲಾಗಿ ಇಳಿಸುವುದು. ಪೈರೆದ್ದ ಮೇಲೆ ಎಡೆಕುಂಟೆಯಿಂದ ಬಿರುಕುಗಳನ್ನು ಮುಚ್ಚುತ್ತ ಹೋಗುವರು.

ಪಾಣಿನಿಯು ಐದನೆಯ ಅಧ್ಯಾಯದ ಎರಡನೆಯ ಪಾದದ ಮೊದಲಲ್ಲಿ ಧಾನ್ಯದಿಂದ ಕ್ಷೇತ್ರಕ್ಕೆ ಹೆಸರು ಬರುವ ಬಗೆಯನ್ನು ವಿಧಿಸಿರುವನು. ವ್ರೀಹಿಯ ಹೊಲವು ವ್ರೈಹೇಯ, ಎಳ್ಳಿನ ಹೊಲವು ತಿಲ್ಯ ಅಥವಾ ತೈಲೀನ. ಈ ಸೀಮೆಯ ಒಕ್ಕಲಿಗನಾದರೋ ಹೊಲಕ್ಕೆ ಮಣ್ಣಿನಿಂದ ಹೆಸರಿಟ್ಟು, ಎರೆಯೆಂದೂ ಮಸಾರಿಯೆಂದೂ ಕರೆಯುವನು. ಒಂದೇ ಹೊಲದಲ್ಲಿ ಹಲವು ಧಾನ್ಯಗಳಿರುವಾಗ ಧಾನ್ಯದಿಂದ ಹೆಸರಿಡುವುದೆಂತು? ಜೋಳದ ಸಾಲುಗಳ ನಡುವೆ ಕಡಲೆ, ಕುಸುಬೆ, ಅಗಸೆಗಳನ್ನು ಅಕ್ಕಡಿಯಾಗಿ ಬಿತ್ತುವರು. ಅಂಚಿನಲ್ಲಿರುವ ಕುಸುಬೆಯ ಮುಳ್ಳು ದನಗಳನ್ನು ತಡೆಯುವುದು. ಅದರ ಬೇರು ಬಹು ಆಳದ ಹಸಿಯನ್ನು ಹುಡುಕುವುದು. ಕಡಲೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುವು. ರೊಟ್ಟಿಗೆ ಜೋಳ, ಪಲ್ಯಕ್ಕೆ ಕಡಲೆ, ಒಗ್ಗರಣೆಗೆ ಕುಸುಬೆಯ ಎಣ್ಣೆ, ಇವೆಲ್ಲ ಒಂದು ಹೊಲದಿಂದಲೇ ಮನೆಗೆ ಬರುತ್ತಿದ್ದುವು.

ಪಡೆದುದನ್ನು ಮರಳಿ ಕೊಡುವ ಕಟ್ಟುಪಾಡೂ ಇದ್ದಿತು. ಜೋಳದ ಕಣಿಕೆಯು ಬಣವೆಯಿಂದ ಎತ್ತಿನ ಗೋದಲಿಗೆ, ಸಗಣಿಯು ತಿಪ್ಪೆಗೆ, ತಿಪ್ಪೆಯ ಗೊಬ್ಬರವು ಬೇಸಗೆಯಲ್ಲಿ ಬಂಡಿಯೇರಿ ಹೊಲಕ್ಕೆ ಸಾಗುವುದು. ಬೆಳೆ ಕೊಯ್ದ ಹೊಲದಲ್ಲಿ ಕುರುಬರ ಕುರಿಹಿಂಡನ್ನು ರಾತ್ರಿ ನಿಲ್ಲಿಸಿಕೊಂಡು ಅವರಿಗೆ ಕಾಳು ಕೊಡುವುದು ವಾಡಿಕೆ. ಎಳ್ಳಮಾವಾಸ್ಯೆಯಂದು ಪೈರಿನ ನಡುವೆ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿದ ಮೇಲೆಯೇ ಮನೆಯವರ ಊಟ. ಉಳಿದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿಗೆ ಕಲ್ಲು ಮಣ್ಣು ಮುಚ್ಚುತ್ತಿದ್ದರು; ಗಾಳಿಯಾಡದ ಆ ಕತ್ತಲೆಯಲ್ಲಿ ಹುಳ ಬದುಕದು.

ಈ ಭೂಮಿಯ ಪೂರ್ವದ ಹೆಸರುಗಳೂ ಇದೇ ಅರ್ಥವನ್ನು ಹೇಳುವುವು. ಗದಗ, ಅಣ್ಣಿಗೇರಿ, ನರೇಗಲ್ಲುಗಳ ಸೀಮೆಯು ಬೆಳ್ವೊಲ ಮುನ್ನೂರು. ಅದರಲ್ಲಿ ಬೆಳೆಯೂ ಹೊಲವೂ ಕೂಡಿವೆ. ಅದಕ್ಕೆ ಹೊಂದಿದುದು ಕಿಸುಕಾಡು ಎಪ್ಪತ್ತು. ಕಿಸು ಎಂದರೆ ಕೆಂಪು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿಯು ಕಿಸುಕಾಡನ್ನು ಆಳಿದುದು ಸೂಡಿಯ ಶಾಸನಗಳಿಂದ ವಿದಿತವಾಗಿದೆ. ಅದೇ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರವು ಮಳೆಯ ಲಕ್ಷಣ, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳನ್ನು ಒಂದೇ ಗ್ರಂಥದಲ್ಲಿ ಕೂಡಿಸಿತು. ದಾನಶಾಸನಗಳಲ್ಲಿ ನೆಲವನ್ನು ಮತ್ತರಿನಿಂದ ಅಳೆದು, ಅದರ ಎಲ್ಲೆಗಳನ್ನು ಹೇಳಿ, ಎರೆಯೋ ಗದ್ದೆಯೋ ತೋಂಟವೋ ಎಂಬುದನ್ನು ಕಾಣಿಸುವುದುಂಟು. ರಾಜರ ಬಿರುದಾವಳಿಗೆ ಸಂದ ಪರಿಶ್ರಮವು ಈ ಮಣ್ಣಿನ ಮಾತುಗಳಿಗೂ ಸಲ್ಲಬೇಕಾಗಿದೆ.

ಈ ಪದ್ಧತಿಯು ನಿರ್ದೋಷವೆಂದು ಹೇಳುವಂತಿಲ್ಲ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮಳೆಯೇ ಕೈಬಿಟ್ಟಾಗ ಹಗೇವುಗಳ ನಾಡಿನಲ್ಲಿಯೂ ಜನರು ಹಸಿವಿಗೆ ಸತ್ತರು. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನ ಕಾಲುವೆಗಳು ನರಗುಂದದ ಎರೆಗೆ ನೀರು ತಂದುವು. ಆಗ ಆ ಸೀಮೆಯು ನದೀಮಾತೃಕವಾಯಿತು. ಆದರೆ ಹಸಿಯನ್ನು ಬಿಡದ ಗುಣವೇ ಅತಿಯಾದ ನೀರಿನಲ್ಲಿ ದೋಷವಾಗಿ, ಹಲವೆಡೆ ಮಣ್ಣು ಜೌಗಾಗಿ ಸವುಳೇರಿತು. ಅಭಿವೃದ್ಧಿ ಕರವನ್ನು ವಿರೋಧಿಸಿ ರೈತರು ನಡೆಸಿದ ಚಳವಳಿಯು 1980ನೆಯ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ರಕ್ತಪಾತಕ್ಕೆ ಎಡೆಯಾಯಿತು. 2009 ಮತ್ತು 2019ರಲ್ಲಿ ಮಲಪ್ರಭೆಯು ಉಕ್ಕಿ ದಂಡೆಯ ಊರುಗಳ ಮನೆ ಹೊಲಗಳನ್ನು ಮುಳುಗಿಸಿತು.

ಹಳೆಯದೆಲ್ಲವನ್ನೂ ಮರಳಿ ತರಬೇಕೆಂಬುದು ಇದರ ತಾತ್ಪರ್ಯವಲ್ಲ. ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ; ಎತ್ತಿನ ಕೂರಿಗೆಯು ಯಂತ್ರಕ್ಕೆ ಎಡೆಗೊಟ್ಟಿದೆ. ಕೂರಿಗೆಯೆಂಬುದು ಉಪಕರಣದ ಹೆಸರು ಮಾತ್ರವಲ್ಲ, ಹೊಲದ ಅಳತೆಯ ಹೆಸರೂ ಅಹುದೆಂಬುದನ್ನು ಬಲ್ಲ ಮುದುಕರು ಇನ್ನೂ ಊರುಗಳಲ್ಲಿ ಇರುವರು. ಸಾಹಿತ್ಯದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಇಂತಹ ಶಬ್ದಗಳನ್ನು ಅವುಗಳ ಕ್ರಿಯೆಯೊಡನೆ ಬರೆದಿಡುವುದು ಅವಶ್ಯವಾಗಿದೆ. ಇಲ್ಲವಾದರೆ ಶಾಸನದ ಕಲ್ಲು ಉಳಿದರೂ ಅದರ ನೆಲದ ಮಾತನ್ನು ತಿಳಿಸಿಕೊಡುವವರು ಇರಲಾರರು.