ಜಂಜೀರೆಯ ಸಿದ್ದಿಗಳೂ ಯಲ್ಲಾಪುರದ ಸಿದ್ದಿಗಳೂ

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಮುರುಡಿನ ಜಂಜೀರಾ ಕೋಟೆಯನ್ನು ನೋಡಿಬಂದವರು ಅನೇಕರು. ರಜೆಯ ದಿನ ಪನವೇಲ, ಪೇಣ ಮಾರ್ಗವಾಗಿ ಹೋಗಿ, ದೋಣಿಯೇರಿ, ಸಮುದ್ರದ ನಡುವಿನ ಆ ಕೋಟೆಯ ತೋಪುಗಳನ್ನು ಮಕ್ಕಳಿಗೆ ತೋರಿಸಿ ಮರಳುವುದುಂಟು. ಕೋಟೆಯ ಒಡೆಯರು ಆಫ್ರಿಕ ಮೂಲದ ಸಿದ್ದಿಗಳಾಗಿದ್ದರೆಂಬ ಮಾತು ಅಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ. ಆದರೆ ಅದೇ ಹೆಸರಿನ ಜನರು ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿ ತಲೆತಲಾಂತರದಿಂದ ಬಾಳಿಕೊಂಡು ಬಂದಿರುವರೆಂಬುದು ಕನ್ನಡಿಗರಾದ ನಮ್ಮಲ್ಲಿಯೇ ಎಷ್ಟು ಜನಕ್ಕೆ ತಿಳಿದಿದೆ?

ಹಬಸಿಗಳೆಂದೂ ಸಿದ್ದಿಗಳೆಂದೂ ಕರೆಯಿಸಿಕೊಂಡ ಈ ಜನರು ಪೂರ್ವ ಆಫ್ರಿಕದ ಕರಾವಳಿಯಿಂದ ಬಂದವರು. ಕೆಲವರು ವ್ಯಾಪಾರಕ್ಕೆ, ಕೆಲವರು ಸೈನ್ಯಕ್ಕೆ, ಬಹಳ ಜನ ಗುಲಾಮರಾಗಿ ಬಂದರು. ಗುಲಾಮನಾಗಿ ಬಂದವನು ಗುಲಾಮನಾಗಿಯೇ ಸಾಯಬೇಕೆಂಬ ನಿಯಮವೇನೂ ದಖ್ಖಣದಲ್ಲಿ ಇರಲಿಲ್ಲ. ಹಲವು ಕೈಗಳಿಗೆ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹಮದನಗರದ ರಾಜ್ಯಸೂತ್ರವನ್ನೇ ಹಿಡಿದು, 1626ರಲ್ಲಿ ತೀರಿಕೊಳ್ಳುವವರೆಗೆ ಮೊಗಲರನ್ನು ತಡೆದು ನಿಲ್ಲಿಸಿದನು. ನಮ್ಮ ವಿಜಾಪುರದ ಮಹಮ್ಮದ್ ಆದಿಲಶಾಹನ ದರಬಾರಿನಲ್ಲಿ ಇಖ್ಲಾಸ್ ಖಾನನೆಂಬ ಹಬಸಿಯು ಮಂತ್ರಿಯಾಗಿದ್ದನು. ಜಂಜೀರೆಯ ಸಿದ್ದಿ ಯಾಕೂತ್ ಖಾನನಂತೂ 1689ರಲ್ಲಿ ಮುಂಬಯಿಗೆ ನುಗ್ಗಿ, ಶಿವಡಿ, ಮಾಝಗಾಂವಗಳನ್ನು ಹಿಡಿದು, ಇಂಗ್ಲಿಷರನ್ನು ಕೋಟೆಯೊಳಗೆ ಕೂಡಿಹಾಕಿದನು. ಮರುವರ್ಷ ಔರಂಗಜೇಬನ ಅಪ್ಪಣೆಯಾದ ಮೇಲೆಯೇ ಅವನು ಹಿಂದೆಗೆದದ್ದು.

ಉತ್ತರ ಕನ್ನಡದ ಸಿದ್ದಿಗಳ ಪಾಲಿಗೆ ಬಂದ ಚರಿತ್ರೆ ಬೇರೆ. ಪೋರ್ತುಗೀಜರು ಮೊಜಾಂಬಿಕ್ ಕಡೆಯಿಂದ ಗುಲಾಮರನ್ನು ಗೋವೆಗೆ ತರುತ್ತಿದ್ದರು. ಅಲ್ಲಿಯ ಹಿಂಸೆ ತಾಳಲಾರದೆ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲೆ, ಶಿರಸಿಗಳ ಸುತ್ತ ಅವರ ಊರುಗಳಾದವು. ಅವರಲ್ಲಿ ಹಿಂದುಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಬಹುಮಟ್ಟಿಗೆ ಕೊಂಕಣಿ, ಹೊರಗೆ ಕನ್ನಡ. ಡಮಾಮಿಯ ಕುಣಿತ, ಹಳೆಯ ಬಟ್ಟೆಯ ತುಂಡುಗಳಿಂದ ಹೆಂಗಸರು ಹೊಲಿಯುವ ಕವದಿ, ಸತ್ತ ಹಿರಿಯರ ಪೂಜೆ, ಇವು ಅವರ ಆಸ್ತಿ. ಭೂಮಿಯೆಂಬ ಆಸ್ತಿ ಮಾತ್ರ ಹೆಚ್ಚಿನವರಿಗೆ ಇರಲಿಲ್ಲ. 1843ರ ಕಾಯಿದೆಯು ಗುಲಾಮಗಿರಿಗೆ ಕೋರ್ಟಿನ ಮನ್ನಣೆಯನ್ನು ತೆಗೆದುಹಾಕಿದ ಮೇಲೂ ಸಾಲದ ರೂಪದಲ್ಲಿ ಜೀತ ಉಳಿಯಿತು. ಅದನ್ನು ನಿಷೇಧಿಸುವ ಕಾನೂನು ಬಂದದ್ದು 1976ರಲ್ಲಿ. ಸಾಲದ ಲೆಕ್ಕ ಬರೆಯುವುದೇ ನನ್ನ ಉದ್ಯೋಗವಾದ್ದರಿಂದ ಹೇಳುತ್ತೇನೆ: ತಂದೆಯ ಸಾಲಕ್ಕೆ ಮಗನ ದುಡಿಮೆಯನ್ನು ಬಡ್ಡಿಯಾಗಿ ಬರೆದುಕೊಳ್ಳುವ ಖಾತೆ ಎಂದಿಗೂ ಮುಗಿಯುವಂಥದಲ್ಲ.

ಒಂದೇ ಕಡಲನ್ನು ದಾಟಿ ಬಂದವರಲ್ಲಿ ಒಬ್ಬರು ನವಾಬರಾದರು, ಇನ್ನೊಬ್ಬರು ಜೀತದಾಳುಗಳಾದರು. ಮೈಬಣ್ಣವು ಇಬ್ಬರಿಗೂ ಒಂದೇ ಆಗಿದ್ದಿತಷ್ಟೆ! ಹೀಗಿರಲು ಬಣ್ಣವನ್ನು ಕಂಡು ಯೋಗ್ಯತೆಯನ್ನು ಅಳೆಯುವವರು ಏನೆನ್ನುವರೋ ತಿಳಿಯದು. ಇಂದಿಗೂ ಸಿದ್ದಿ ತರುಣನೊಬ್ಬನು ಪಟ್ಟಣಕ್ಕೆ ಬಂದರೆ, ಅವನು ಅಚ್ಚ ಕನ್ನಡದಲ್ಲಿ ಮಾತನಾಡಿದರೂ, ‘ನೀನು ಯಾವ ದೇಶದವನು?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಈ ಊರುಗಳಲ್ಲಿ ‘ಮದ್ರಾಸಿ’ ಎನ್ನಿಸಿಕೊಂಡ ನಮ್ಮ ಹಿರಿಯರಿಗೆ ಆ ಪ್ರಶ್ನೆಯ ಮುಳ್ಳು ಗೊತ್ತಿದೆ.

ಈ ಸ್ಥಿತಿಯನ್ನು ಬದಲಿಸಲು ದುಡಿದವರಲ್ಲಿ ಮೊದಲು ನೆನೆಯಬೇಕಾದವರು ಸಿದ್ದಿಗಳೇ. 1980ರ ದಶಕದಲ್ಲಿ ಮೂರು ಮತದವರೂ ಕೂಡಿ ಸಂಘ ಕಟ್ಟಿಕೊಂಡು, ತಮ್ಮನ್ನು ಪರಿಶಿಷ್ಟ ಪಂಗಡವೆಂದು ಎಣಿಸಬೇಕೆಂದು ಕೇಳತೊಡಗಿದರು. ಆ ಪಟ್ಟಿಗೆ ಮತದ ಕಟ್ಟಿಲ್ಲವಾದ್ದರಿಂದ ಯಾರನ್ನೂ ಹೊರಗಿಡುವ ಪ್ರಮೇಯ ಬರಲಿಲ್ಲ. ಅದಕ್ಕೂ ಮೊದಲೇ, 1976ರಲ್ಲಿ, ಟಿ. ಸಿ. ಪಾಲಾಕ್ಷಪ್ಪನವರು ಇವರ ಸಮಾಜಜೀವನವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ್ದರು. ಜೀತವಿಮುಕ್ತಿಗಾಗಿ ಕೆಲಸ ಮಾಡಿದ ಕಿರಣ್ ಕಮಲ್ ಪ್ರಸಾದರೂ ಇವರ ವಿಷಯವನ್ನು ಬರೆದು ತಿಳಿಸಿದರು. 1987ರಲ್ಲಿ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಕಮಲಾ ಸಿದ್ದಿಯಂಥ ಓಟಗಾರ್ತಿ ಬೆಳಕಿಗೆ ಬಂದದ್ದು ಆ ಕಾಲದಲ್ಲಿ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಆಫ್ರಿಕದವರ ಕಾಲುಗಳು ಓಡಿಯೇ ಓಡುವುವೆಂಬ ಎಣಿಕೆಯಿಂದ ಹೊರಟ ಆ ಕಾರ್ಯವು ನನಗೆ ಅಷ್ಟಾಗಿ ಮೆಚ್ಚುಗೆಯಾಗದು. ಓದಲು ಬಯಸಿದ ಮಗುವಿಗೆ ಅದರಲ್ಲಿ ಏನಿದ್ದಿತು?

ಪಟ್ಟಿಯ ಕಥೆಯೇ ಹೆಚ್ಚು ಸ್ವಾರಸ್ಯದ್ದು. ಜಂಜೀರಾ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಉತ್ತರ ಕನ್ನಡ ಜಿಲ್ಲೆ 1862ರಿಂದಲೇ ಮುಂಬಯಿಗೆ ಸೇರಿದ್ದಿತು. ಅಂದರೆ 1956ರ ನವೆಂಬರ್ 1ರಂದು ನಮ್ಮ ನಾಡು ಒಂದಾಗುವವರೆಗೆ ಎರಡೂ ಕಡೆಯ ಸಿದ್ದಿಗಳು ಒಂದೇ ಸರಕಾರದ ಪ್ರಜೆಗಳು. ಸೌರಾಷ್ಟ್ರದ ಸಿದ್ದಿಗಳ ಹೆಸರು ಪಟ್ಟಿಗೆ ಎಂದೋ ಸೇರಿತ್ತು. ಗೋವೆಯಲ್ಲಿ 1968ರಲ್ಲಿ ಸೇರಿತು. ಕರ್ನಾಟಕದಲ್ಲಿ ಸೇರಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಯೊಂದಕ್ಕೇ! ಪಕ್ಕದ ಕಲಘಟಗಿಯಲ್ಲಿಯೋ ಖಾನಾಪುರದಲ್ಲಿಯೋ ಇದ್ದ ಅಣ್ಣತಮ್ಮಂದಿರು, ಬೀಗರು, ಜಿಲ್ಲೆಯ ಗಡಿಯಾಚೆಗಿನವರೆಂಬ ಕಾರಣಕ್ಕೆ ಪಂಗಡದವರಾಗಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಿಕೊಂಡದ್ದು 2020ರಲ್ಲಿ. ಅದೇ ವರ್ಷ ಯಲ್ಲಾಪುರ ಕಡೆಯ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದಿಂದ ಶಾಸನಸಭೆಯನ್ನು ಪ್ರವೇಶಿಸಿದವರಲ್ಲಿ ಮೊದಲಿಗರಾದರು.

ಇಷ್ಟಾದರೂ ಆ ಹಕ್ಕು ರಾಜ್ಯದ ಗಡಿಯನ್ನು ದಾಟುವುದಿಲ್ಲ. ಯಲ್ಲಾಪುರದ ಸಿದ್ದಿ ಕುಟುಂಬವೊಂದು ನಮ್ಮಂತೆಯೇ ಉದ್ಯೋಗವನ್ನು ಅರಸಿ ಪನವೇಲಕ್ಕೋ ಕಲ್ಯಾಣಕ್ಕೋ ಬಂದು ನೆಲೆಸಿದರೆ, ಊರಿನಿಂದ ತಂದ ಪ್ರಮಾಣಪತ್ರವು ಈ ರಾಜ್ಯದ ಮೀಸಲಾತಿಗೆ ಒದಗದು. ಜಂಜೀರೆಯ ಕೋಟೆಯಿರುವ ಮಹಾರಾಷ್ಟ್ರದ ಪಟ್ಟಿಯಲ್ಲಿ ಸಿದ್ದಿ ಎಂಬ ಹೆಸರೇ ಇಲ್ಲ.