ಅಜ್ಜನ ಕುಲುಮೆ, ನನ್ನ ಚಿಪ್

ಬ್ಲಾಗ್ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು, ಬೈಕೋಬೇಡಿ. ಹೋದ ವಾರ ಭದ್ರಾವತಿಗೆ ಹೋಗಿದ್ದೆ. ಅಜ್ಜನ ಮುಂದೆ ನನ್ನ ಹೊಸ ಕಂಪ್ಯೂಟರ್ ಬಗ್ಗೆ ಕೊಚ್ಚಿಕೊಳ್ತಾ ಇದ್ದೆ. ಈಗ ಚಿಪ್ ಮೇಲೆ ಚಿಪ್ ಇಟ್ಟು ಮಹಡಿ ಕಟ್ತಾರೆ, ಮಹಡಿಗಳನ್ನು ಜೋಡಿಸೋಕೆ ಕೂದಲಿಗಿಂತ ತೆಳ್ಳಗಿನ ತಾಮ್ರದ ಕಂಬ ಇಳಿಸ್ತಾರೆ ಅಂತೆಲ್ಲ. ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: "ಕಾದ್ರೆ ತಾಮ್ರ ಹಿಗ್ಗುತ್ತಲ್ಲೋ, ಅದಕ್ಕೆ ಜಾಗ ಎಲ್ಲಿ ಬಿಟ್ಟಿದಾರೆ?"

ಶಿವಮೊಗ್ಗಕ್ಕೆ ದಿನಾ ಬಸ್ಸಲ್ಲಿ ನೇತಾಡಿಕೊಂಡು ಹೋಗಿ ಇಂಜಿನಿಯರಿಂಗ್ ಮುಗಿಸಿದ ನನ್ನ ಹತ್ರ ಉತ್ತರ ಇರಲಿಲ್ಲ.

ಅಜ್ಜ ದುಡಿದದ್ದು ನಮ್ಮೂರ ಕಬ್ಬಿಣದ ಕಾರ್ಖಾನೆಯ ಫೆರೋಸಿಲಿಕಾನ್ ಕುಲುಮೆಯಲ್ಲಿ. 1923ರ ಜನವರಿ 18ರಂದು ಮೈಸೂರು ಐರನ್ ವರ್ಕ್ಸ್ ಅಂತ ಶುರುವಾದ ಕಾರ್ಖಾನೆ ಅದು. ವಿಶ್ವೇಶ್ವರಯ್ಯನವರ ಕನಸು. ಅದಿರು ಕೆಮ್ಮಣ್ಣುಗುಂಡಿಯದು. ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇಲ್ಲ, ಹಾಗಾಗಿ ಮಲೆನಾಡಿನ ಮರ ಸುಟ್ಟ ಇದ್ದಿಲಿನಲ್ಲೇ ಕಬ್ಬಿಣ ಕರಗಿಸಿದರು. (ಎಷ್ಟು ಕಾಡು ಹೋಯ್ತೋ, ಅದು ಇನ್ನೊಂದು ಕಥೆ.) 1930ರ ದಶಕದಲ್ಲಿ ಉಕ್ಕು ಬಂತು, 1940ರ ದಶಕದಲ್ಲಿ ಫೆರೋಸಿಲಿಕಾನ್. ಬೆಣಚು ಕಲ್ಲನ್ನು ಇದ್ದಿಲಿನ ಜೊತೆ ವಿದ್ಯುತ್ ಕುಲುಮೆಗೆ ಹಾಕಿದರೆ ಕಲ್ಲಿನಲ್ಲಿರೋ ಆಮ್ಲಜನಕವನ್ನು ಇಂಗಾಲ ಎಳೆದುಕೊಳ್ಳುತ್ತೆ, ಉಳಿಯೋದು ಸಿಲಿಕಾನ್. ಕಬ್ಬಿಣದ ಜೊತೆ ಬೆರೆತ ಸಿಲಿಕಾನ್ ಅಷ್ಟೇ. ಚಿಪ್‌ಗೆ ಬೇಕಾದ ಸಿಲಿಕಾನ್ ಕೂಡ ಹುಟ್ಟೋದು ಇಂಥದ್ದೇ ಕುಲುಮೆಯಲ್ಲಿ. ಅಲ್ಲಿಂದ ಮುಂದೆ ಅದನ್ನು ಅನಿಲವಾಗಿಸಿ, ಶುದ್ಧ ಮಾಡಿ, ಶೇಕಡಾ 99ರ ಮುಂದೆ ಇನ್ನೂ ಏಳು ಒಂಬತ್ತು ಸೇರೋವರೆಗೂ ಬಿಡಲ್ಲ. ನಮ್ಮೂರು ಮೊದಲ ಮೆಟ್ಟಿಲಲ್ಲೇ ನಿಂತಿತು. ಆದರೂ ಸಿಲಿಕಾನ್ ಸಿಟಿ ಅನ್ನೋ ಬಿರುದು ಬೆಂಗಳೂರಿಗಿಂತ ಮೊದಲು ಭದ್ರಾವತಿಗೆ ಸಲ್ಲಬೇಕಿತ್ತು ಅಲ್ವಾ? :)

ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಆ ದಿನ ಅಜ್ಜ ಊಟ ಮಾಡಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಓದೋಕೆ ಕೂತೆ. ಸಿಲಿಕಾನ್ ಬಿಲ್ಲೆಗೆ ತೂತು ಕೊರೆದು ಮೇಲಕ್ಕೂ ಕೆಳಕ್ಕೂ ಸಂಪರ್ಕ ಕೊಡೋ ಯೋಚನೆ ಹೊಸದಲ್ಲವೇ ಅಲ್ಲ. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬನಾದ ವಿಲಿಯಂ ಶಾಕ್ಲಿ 1958ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದ, 1962ರಲ್ಲಿ ಸಿಕ್ಕಿತು. ಯೋಚನೆ ಇದ್ದರೂ ಅಂಗಡಿಗೆ ಬರೋಕೆ ಅರ್ಧ ಶತಮಾನ ಹಿಡೀತು. ಅದಕ್ಕೊಂದು ದೊಡ್ಡ ಕಾರಣ ಅಜ್ಜನ ಪ್ರಶ್ನೆಯಲ್ಲೇ ಇದೆ. ಒಂದೇ ಬಿಸಿಗೆ ತಾಮ್ರ ಸಿಲಿಕಾನ್‌ಗಿಂತ ಸುಮಾರು ಆರು ಪಟ್ಟು ಹೆಚ್ಚು ಹಿಗ್ಗುತ್ತೆ. ಚಿಪ್ ತಯಾರಿಯಲ್ಲಿ 400 ಡಿಗ್ರಿ ಕಾವು ಮಾಮೂಲು. ಆಗ ತಾಮ್ರದ ಕಂಬ ತೂತಿನಿಂದ ಮೇಲಕ್ಕೆ ಉಬ್ಬಿ ಬರುತ್ತೆ, ಮೇಲಿನ ಪದರ ಸೀಳುತ್ತೆ. ಇದಕ್ಕೆ ಮಾಡಿದ ಉಪಾಯ ನೋಡಿ: ಮೊದಲೇ ಕಾಯಿಸಿ, ಉಬ್ಬಬೇಕಾದಷ್ಟು ಉಬ್ಬಿಸಿ, ಆಮೇಲೆ ಉಜ್ಜಿ ಸಪಾಟು ಮಾಡೋದು! ಟಂಗ್‌ಸ್ಟನ್ ಇಷ್ಟು ಹಿಗ್ಗಲ್ಲ, ಆದರೆ ವಿದ್ಯುತ್ತಿಗೆ ಅದರ ತಡೆ ತಾಮ್ರದ ಮೂರು ಪಟ್ಟು.

ಇನ್ನೊಂದು ಪೀಕಲಾಟ ಬಿಸಿಯದು. ಮಹಡಿ ಹೆಚ್ಚಿದಷ್ಟೂ ಕೆಳಗಿನವರ ಬಿಸಿ ಹೊರಗೆ ಹೋಗೋದು ಕಷ್ಟ. 2022ರಲ್ಲಿ ಎಎಂಡಿ ಕಂಪನಿ ಪ್ರೊಸೆಸರ್ ಮೇಲೆ ಮೆಮೊರಿಯ ಇನ್ನೊಂದು ಚಿಪ್ ಕೂರಿಸಿ ಮಾರಿತು. ಬೆಸುಗೆ ಇಲ್ಲ, ತಾಮ್ರಕ್ಕೆ ತಾಮ್ರವೇ ಅಂಟಿಕೊಳ್ಳೋ ವಿಧಾನ. ಆದರೆ ಮಹಡಿ ಇಲ್ಲದ ಅದರ ಅಣ್ಣ 4.7 ಗಿಗಾಹರ್ಟ್ಜ್ ಓಡಿದರೆ ಇದು 4.5ಕ್ಕೇ ಸುಸ್ತು. 2024ರಲ್ಲಿ ಅವರೇ ಮಹಡಿಯನ್ನು ತಲೆಕೆಳಗು ಮಾಡಿ ಮೆಮೊರಿಯನ್ನು ಕೆಳಗೆ ಹಾಕಿದರು. ಬಿಸಿ ಕಾರೋ ಭಾಗ ಮೇಲೆ ಬಂದು ತಣ್ಣಗಾಗೋಕೆ ದಾರಿಯಾಯ್ತು. ನನಗಂತೂ ಇದು ಇಡೀ ಕಥೆಯಲ್ಲೇ ಖುಷಿ ಕೊಟ್ಟ ಸಂಗತಿ.

ರಾತ್ರಿ ಅಜ್ಜನಿಗೆ ಫೋನ್ ಮಾಡಿ ಉತ್ತರ ಹೇಳಿದೆ. ಪ್ರತಿ ತಾಮ್ರದ ಕಂಬದ ಸುತ್ತ ಒಂದಿಷ್ಟು ಜಾಗ ಖಾಲಿ ಬಿಡ್ತಾರೆ, ಅಲ್ಲಿ ಟ್ರಾನ್ಸಿಸ್ಟರ್ ಇಡೋ ಹಾಗಿಲ್ಲ, ಒತ್ತಡಕ್ಕೆ ಅದರ ನಡವಳಿಕೆಯೇ ಬದಲಾಗುತ್ತೆ ಅಂತ.

"ಹಂಗೆ ಹೇಳು ಮತ್ತೆ" ಅಂದರು ಅಜ್ಜ. "ನಾವೂ ಕುಲುಮೆಗೆ ಇಟ್ಟಿಗೆ ಕಟ್ಟುವಾಗ ಸಂದು ಬಿಡ್ತಿದ್ವಿ. ಬಿಡದೇ ಇದ್ರೆ ಗೋಡೆ ಸಿಡಿಯೋದು." ಆಮೇಲೆ ಮಳೆ ಸುದ್ದಿ ಶುರುವಾಯ್ತು.